ತೊಳೆಯಬಾರದ ಬೇರು

ಚೋಂಗ್‌ಚಿಂಗ್ ನಗರದ ಒಂದು ಔಷಧ ಸಂಶೋಧನಾಲಯದಲ್ಲಿ ರಾನ್ ಸುಜೆನ್ ಇಪ್ಪತ್ತಾರು ವರ್ಷ ಕ್ರಿಮಿ ಸಾಕಿದಳು. ಹೊಟ್ಟೆಯಲ್ಲಿ ಹುಣ್ಣು ಮಾಡುವ, ವರ್ಷಗಟ್ಟಲೆ ಬಿಟ್ಟರೆ ಕ್ಯಾನ್ಸರಿಗೂ ದಾರಿ ಮಾಡಿಕೊಡುವ ಪೈಲೋರಿ ಎಂಬ ಕ್ರಿಮಿ ಅದು. ಜಠರದ ಹುಳಿಯಲ್ಲಿ ಹಾಯಾಗಿ ಬದುಕುವ ಈ ಪ್ರಾಣಿ ಹೊರಗೆ ಬಂದರೆ ಮಾವನ ಮನೆಗೆ ಬಂದ ಹೊಸ ಅಳಿಯನಿಗಿಂತ ನಾಜೂಕು. ಗಾಳಿ ಸ್ವಲ್ಪ ಹೆಚ್ಚಾದರೆ ಸಾಯುತ್ತದೆ. ಕುರಿಯ ರಕ್ತ ಬೆರೆಸಿದ ಊಟ ಇಲ್ಲದಿದ್ದರೆ ಮುನಿಸಿಕೊಳ್ಳುತ್ತದೆ. ಗಾಜಿನ ತಟ್ಟೆಯ ಮೇಲೆ ಕಣ್ಣಿಗೆ ಕಾಣುವಷ್ಟು ಬೆಳೆಯಲು ನಾಲ್ಕು ದಿನ ಬೇಕು. ದೊಡ್ಡ ದೊಡ್ಡ ಡಿಗ್ರಿ ಹೊತ್ತು ಬಂದವರ ಕೈಯಲ್ಲಿ ಅದು ಸತ್ತೇ ಹೋಗುತ್ತಿತ್ತು. ಗಾಜಿನ ಸಾಮಾನು ತೊಳೆಯಲು ಸೇರಿದ್ದ ಸುಜೆನ್‌ಳ ಕೈಯಲ್ಲಿ ಬದುಕುತ್ತಿತ್ತು. ಹಾಗಾಗಿ ಅವಳನ್ನು ನಲ್ಲಿಯ ಬುಡದಿಂದ ಎಬ್ಬಿಸಿ ಕ್ರಿಮಿಕೋಣೆಯಲ್ಲಿ ಕೂರಿಸಿದರು. ಹೈಸ್ಕೂಲು ಮುಗಿಸದ ಅವಳನ್ನು ಅಲ್ಲಿ ಎಲ್ಲರೂ ರಾನ್ ಟೀಚರ್ ಎಂದೇ ಕರೆಯುತ್ತಿದ್ದರು.

ಅವಳ ತವರು ಷಿಝು ಸೀಮೆಯ ಹುವಾಂಗ್‌ಶುಯಿ ಬೆಟ್ಟ, ನನ್ನ ಊರೂ ಅದೇ. ನಮ್ಮ ಆ ಬೆಟ್ಟದಲ್ಲಿ ಬೆಳೆಯುವುದು ಹುವಾಂಗ್‌ಲಿಯಾನ್, ಅಂದರೆ ಒಳಗೆಲ್ಲ ಅರಿಶಿನ ಬಣ್ಣದ, ಬಾಯಿಗಿಟ್ಟರೆ ಮೂರು ದಿನ ನಾಲಿಗೆ ಬಿಡದ ಕಹಿಬೇರು. ಒಂದು ಸಲ ನೆಟ್ಟರೆ ಐದು ವರ್ಷ ಕಾಯಬೇಕು. ನಾವು ಕಾಯುವುದರಲ್ಲಿ ಪಳಗಿದ ಜನ, ಅದೇ ನಮ್ಮ ದೊಡ್ಡ ಗುಣ ಎಂದು ಎಲ್ಲರೂ ಹೇಳುತ್ತಾರೆ. ದೊಡ್ಡ ದೋಷವೂ ಅದೇ ಎಂದು ನಾನು ಹೇಳುತ್ತೇನೆ. ಇನ್ನೊಂದು ಗುಣವೆಂದರೆ ನಡುವೆ ಇಟ್ಟ ಒಂದೇ ಬೋಗುಣಿಗೆ ಮನೆಯವರೆಲ್ಲ ಚಾಪ್‌ಸ್ಟಿಕ್ ಹಾಕಿ ಉಣ್ಣುವುದು. ತಾಯಿ ತನ್ನ ಬಾಯಲ್ಲಿ ಅಗಿದ ಮೆತ್ತನೆ ತುತ್ತನ್ನು ಮಗುವಿನ ಬಾಯಿಗೆ ಇಡುತ್ತಾಳೆ. ಒಬ್ಬರ ಹೊಟ್ಟೆಯ ಕ್ರಿಮಿ ಹೀಗೆ ಮನೆಮಂದಿಗೆಲ್ಲ ಪ್ರಸಾದವಾಗುತ್ತದೆ. ಸುಜೆನ್‌ಳ ಅಪ್ಪ ಹೊಟ್ಟೆಯ ಕ್ಯಾನ್ಸರಿನಿಂದ ಐವತ್ತೆಂಟಕ್ಕೆ ಹೋದ, ಅಣ್ಣ ಐವತ್ತೊಂದಕ್ಕೆ ಹೋದ. ಅವಳು ನಗರದಲ್ಲಿದ್ದುದರಿಂದ ಬೇಗ ಮಾತ್ರೆ ನುಂಗಿ ಗುಣವಾದಳು. ಉಳಿದವನು ತಮ್ಮ ಶಿಂಗ್‌ಫು ಒಬ್ಬನೇ. ನಲವತ್ತಾರು ವರ್ಷದ, ಎಮ್ಮೆಯ ಹೆಗಲಿನ, ಕಡಿಮೆ ಮಾತಿನ ಮನುಷ್ಯ. ಕಹಿಬೇರಿನ ತೋಟ ಅವನದೇ.

ಶಿಂಗ್‌ಫು ಮೂರು ಸಲ ಚಿಕಿತ್ಸೆ ತೆಗೆದುಕೊಂಡಿದ್ದ. ಒಂದೊಂದು ಸಲವೂ ಎರಡು ವಾರ, ದಿನಕ್ಕೆ ಹಿಡಿತುಂಬ ಮಾತ್ರೆ. ನಾಲಿಗೆ ಕಪ್ಪಾಗಿ, ಉಂಡದ್ದೆಲ್ಲ ವಾಂತಿಯಾಗಿ, ಕೊನೆಗೆ ಉಸಿರಿನ ಪರೀಕ್ಷೆ ಮಾಡಿದರೆ ಕ್ರಿಮಿ ಅಲ್ಲೇ ಇದೆ ಎಂದು ಬರುತ್ತಿತ್ತು. ಮೂರನೆಯದೂ ಸೋತ ಮೇಲೆ ಆಸ್ಪತ್ರೆಯವರು ಬಾಯಿಯಿಂದ ಪೈಪು ಇಳಿಸಿ, ಜಠರದ ಒಳಪದರದ ಚೂರನ್ನು ಕಿತ್ತು ಪರೀಕ್ಷೆಗೆ ಕಳಿಸಿದರು. ಅದು ಬಂದದ್ದು ಸುಜೆನ್‌ಳ ಕೋಣೆಗೇ. ಅವಳು ತಮ್ಮನ ಕ್ರಿಮಿಯನ್ನು ತಟ್ಟೆಯಲ್ಲಿ ಬೆಳೆಸಿ, ಒಂದೊಂದು ಔಷಧದಲ್ಲಿ ಅದ್ದಿದ ಕಾಗದದ ಬಿಲ್ಲೆಗಳನ್ನು ಅದರ ಮೇಲಿಟ್ಟಳು. ಔಷಧ ಕೊಂದರೆ ಬಿಲ್ಲೆಯ ಸುತ್ತ ಕ್ರಿಮಿಯಿಲ್ಲದ ಖಾಲಿ ಉಂಗುರ ಮೂಡಬೇಕು. ಐದು ಬಿಲ್ಲೆಗಳಲ್ಲಿ ಒಂದಕ್ಕೂ ಉಂಗುರ ಬರಲಿಲ್ಲ. ಒಳಪದರ ಆಗಲೇ ಕೆಡಲು ಶುರುವಾಗಿದೆ, ಶರತ್ಕಾಲಕ್ಕೆ ಮತ್ತೆ ಪೈಪು ಹಾಕಿ ನೋಡಲೇಬೇಕು, ಆಗ ಬೇರೆ ಮಾತ್ರೆಗಳ ನಾಲ್ಕನೇ ಸುತ್ತು ಶುರುಮಾಡೋಣ ಎಂದು ವೈದ್ಯೆ ಹೇಳಿದರು. ಸುಜೆನ್ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ತಿರುಗಿ ಬಂದು ತಮ್ಮನ ಕ್ರಿಮಿಗೆ ಹೊಸ ರಕ್ತ ಹಾಕಿದಳು.

ಅದೇ ವರ್ಷ ಪ್ರೊಫೆಸರ್ ಫಾಂಗ್ ಕಹಿಬೇರಿನಿಂದ ಪೈಲೋರಿಗೆ ಹೊಸ ಔಷಧ ಹುಡುಕುತ್ತಿದ್ದರು. ಬೇರಿನ ಹಳದಿ ಅಂಶ ಭೇದಿ ನಿಲ್ಲಿಸುತ್ತದೆ ಎಂದು ಯಾವ ಅಂಗಡಿಯವನಾದರೂ ಹೇಳುತ್ತಾನೆ, ಆದರೆ ಈ ಕ್ರಿಮಿಗೆ ಅದರ ಶಕ್ತಿ ಸಾಲದು. ಅದರೊಳಗೆ ಇನ್ನೇನಾದರೂ ಅಡಗಿದೆಯೇ ಎಂಬುದು ಅವರ ಪ್ರಶ್ನೆ. ಪರೀಕ್ಷೆಗೆ ಬೇರು ಬೇಕೆಂದಾಗ ಸುಜೆನ್ ತಮ್ಮನ ತೋಟದ್ದನ್ನೇ ತರಿಸಿದಳು. ಬೇರಿನ ಜೊತೆ ತುಂಬಬೇಕಾದ ನಮೂನೆಯಲ್ಲಿ ಊರು, ಎತ್ತರ, ಎಷ್ಟು ವರ್ಷದ ಗಿಡ ಎಂದೆಲ್ಲ ಬರೆದು, 'ಸಿಂಪಡಿಸಿದ ಔಷಧ' ಎಂಬಲ್ಲಿ 'ಇಲ್ಲ' ಎಂದು ತಾನೇ ಬರೆದಳು. ಒಡಹುಟ್ಟಿದವನನ್ನು ಅದನ್ನೆಲ್ಲ ಯಾರು ಕೇಳುತ್ತಾರೆ.

ಅವನು ಬೇರನ್ನು ನಮ್ಮ ಪದ್ಧತಿಯಂತೆ ಹದ ಮಾಡಿ ಕಳಿಸಿದ್ದ. ಕಹಿಬೇರನ್ನು ನಾವು ನೀರಿಗೆ ತೋರಿಸುವುದಿಲ್ಲ. ಅಗೆದು, ಮಣ್ಣಿನ ಸಮೇತ ಒಲೆಯ ಮೇಲೆ ಹರಡಿ ಒಣಗಿಸಿ, ಬಿದಿರಿನ ಉದ್ದ ಪಂಜರಕ್ಕೆ ತುಂಬಿ, ಆಚೆಗೊಬ್ಬ ಈಚೆಗೊಬ್ಬ ನಿಂತು ಕುಲುಕುತ್ತೇವೆ. ಮಣ್ಣು ತಾನಾಗಿ ಉದುರುತ್ತದೆ, ಉಳಿದದ್ದು ಉಳಿಯುತ್ತದೆ. ತೊಳೆದರೆ ಬೇರಿನ ಜೀವವೇ ನೀರಿನ ಜೊತೆ ಹೋಯಿತು ಎಂದು ಮುತ್ತಜ್ಜನ ಕಾಲದಿಂದ ನಂಬಿಕೊಂಡು ಬಂದವರು ನಾವು. ಸುಜೆನ್ ಆ ಬೇರನ್ನು ಹಾಗೆಯೇ ಕುಟ್ಟಿ ಪುಡಿ ಮಾಡಿದಳು. ಪ್ರೊಫೆಸರರ ವಿದ್ಯಾರ್ಥಿಗಳು ಅದರ ಸಾರ ತೆಗೆದು ಒಂಬತ್ತು ಭಾಗ ಮಾಡಿದರು.

ಏಳನೇ ಭಾಗಕ್ಕೆ ಬಣ್ಣವೇ ಇರಲಿಲ್ಲ. ಅದರಲ್ಲಿ ಅದ್ದಿದ ಬಿಲ್ಲೆಯನ್ನು ಸುಜೆನ್ ಬೇರೆ ರೋಗಿಗಳ ಕ್ರಿಮಿಗಳ ಮೇಲಿಟ್ಟಳು, ತಮ್ಮನದರ ಮೇಲೂ ಇಟ್ಟಳು. ನಾಲ್ಕನೇ ದಿನ ತೆಗೆದು ನೋಡಿದರೆ ತಮ್ಮನ ತಟ್ಟೆಯಲ್ಲಿ ಹೆಬ್ಬೆರಳಿನಷ್ಟು ಅಗಲದ ಉಂಗುರ. ಆದರೆ ಕೈಗೆ ಬಂದಿದ್ದ ಸಾರ ಉಗುರಿನ ಮೇಲೆ ಹಿಡಿಸುವಷ್ಟು. ಅದರಲ್ಲಿ ಕೊಲ್ಲುತ್ತಿರುವುದು ಏನು ಎಂದು ಗುರುತಿಸಲು ಇನ್ನಷ್ಟು ಬೇಕಿತ್ತು.

ಅಂದು ಸಂಜೆಯೇ ಅವಳು ಬೆಟ್ಟಕ್ಕೆ ಫೋನು ಮಾಡಿ ತಮ್ಮನಿಗೆ ಎಲ್ಲ ಹೇಳಿದಳು. ಅವನ ತೋಟದ ಬೇರೇ ಅವನ ಕ್ರಿಮಿಯನ್ನು ಕೊಂದಿದೆ ಎಂದಾಗ ಆ ಮೂಕಪ್ರಾಣಿಯೂ ನಕ್ಕ. ಹಾಗಿದ್ದರೆ ಆ ಹಾಳು ಮಾತ್ರೆಗಳ ನಾಲ್ಕನೇ ಸುತ್ತು ಬೇಕೇ ಎಂದು ಕೇಳಿದ. ಅವನು ವಾಂತಿ ಮಾಡಿಕೊಂಡು ನೆಲಕ್ಕೆ ಒರಗಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

"ಬೇಡ ಬಿಡು, ಸ್ವಲ್ಪ ಕಾಯಿ," ಎಂದಳು. "ಪೈಪೂ ಈಗಲೇ ಬೇಡ. ನಮ್ಮ ಔಷಧಿ ಬರ್ಲಿ, ಎಲ್ಲಾ ಒಟ್ಟಿಗೇ ನೋಡ್ಸೋಣ."

ಈ ಮಾತು ನೆನಪಿರಲಿ. ಸುಜೆನ್‌ಗಂತೂ ಮುಂದೆ ಒಂದು ದಿನವೂ ಮರೆಯಲಿಲ್ಲ. ತಟ್ಟೆಯಲ್ಲಿ ಕೊಂದದ್ದು ಮನುಷ್ಯನಿಗೆ ಔಷಧವಾಗಲು ಹತ್ತು ವರ್ಷ ಬೇಕು, ನೂರರಲ್ಲಿ ಒಂದೂ ಆಗುವುದಿಲ್ಲ ಎಂಬುದನ್ನು ಆ ಕೋಣೆಯಲ್ಲಿ ಅವಳಷ್ಟು ಬಲ್ಲವರು ಯಾರಿದ್ದರು? ಇಲಿಗೆ ಕೊಟ್ಟಾಗ ಸೋತ ಎಷ್ಟು ಪುಡಿಗಳ ಡಬ್ಬಿಗಳನ್ನು ಅವಳೇ ತೊಳೆದಿಟ್ಟಿದ್ದಳು. ಆದರೆ ತನ್ನವರ ವಿಷಯ ಬಂದಾಗ ಬಲ್ಲವರ ಬುದ್ಧಿಯೂ ಮಣ್ಣು ತಿನ್ನುತ್ತದೆ.

ಎರಡನೇ ಕಂತಿನ ಬೇರು ಹೆಚ್ಚಿದ್ದುದರಿಂದ ಅದನ್ನು ಸಂಶೋಧನಾಲಯದ ಕೆಳಗಿನ ಸಾರ ತೆಗೆಯುವ ಕಾರ್ಖಾನೆಗೆ ಕೊಟ್ಟರು. ಅಲ್ಲಿನ ಹೆಂಗಸರು ಮಣ್ಣು ನೋಡಿ ಮೂಗು ಮುರಿದು, ಚೆನ್ನಾಗಿ ತೊಳೆದು ಸಾರ ತೆಗೆದರು. ಏಳನೇ ಭಾಗ ಒಂದು ಕ್ರಿಮಿಯನ್ನೂ ಕೊಲ್ಲಲಿಲ್ಲ. ಪ್ರೊಫೆಸರ್ ಫಾಂಗ್ ತಲೆ ಹಿಡಿದು ಕೂತರೆ, ಸುಜೆನ್ ಕೆಳಗಿಳಿದು ಹೋಗಿ ಆ ಹೆಂಗಸರ ನೀರಿಳಿಸಿದಳು. ಕಹಿಬೇರನ್ನು ತೊಳೆಯಬಾರದೆಂದು ಬೆಟ್ಟದ ಕೂಸಿಗೂ ಗೊತ್ತು, ನಿಮಗೆ ಅಷ್ಟೂ ತಿಳಿಯದೇ ಎಂದಳು. ಮೂರನೇ ಕಂತನ್ನು ತಾನೇ ಮುಂದೆ ನಿಂತು ತೊಳೆಯದೆ ಕುಟ್ಟಿಸಿದಳು. ಉಂಗುರ ಮತ್ತೆ ಮೂಡಿತು. ಹಳಬರ ಪದ್ಧತಿಯಲ್ಲಿ ಎಂಥ ವಿಜ್ಞಾನವಿದೆ ಎಂದು ಪ್ರೊಫೆಸರರು ಸಭೆಯಲ್ಲಿ ಹೊಗಳಿದರು. ಸುಜೆನ್ ಬೀಗಿದಳು. ನೀರಿನ ಜೊತೆ ಬೇರಿನ ಜೀವ ಹೋಯಿತು ಎಂದು ಅವಳೂ ನಂಬಿದಳು, ಉಳಿದವರನ್ನೂ ನಂಬಿಸಿದಳು. ನೀರು ಕೊಂಡೊಯ್ದದ್ದು ಏನನ್ನು ಎಂದು ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಶರತ್ಕಾಲ ಕಳೆದು ಬೆಟ್ಟದಲ್ಲಿ ಹಿಮ ಬಿದ್ದಿತ್ತು. ಶಿಂಗ್‌ಫುವಿಗೆ ಅನ್ನ ಸೇರುತ್ತಿಲ್ಲ ಎಂದು ಅವನ ಹೆಂಡತಿ ಜಿನ್‌ಹುವಾ ಫೋನಿನಲ್ಲಿ ಹೇಳಿದಳು. ಚಳಿಗೆ ಹಾಗೆ ಆಗುತ್ತದೆ ಎಂದು ಸುಜೆನ್ ಅವಳಿಗೂ ಹೇಳಿದಳು, ತನಗೂ ಹೇಳಿಕೊಂಡಳು.

ವಸಂತಕ್ಕೆ ಎದುರಿನ ಇಳಿಜಾರಿನ ಬೇರೆ ರೈತರಿಂದ ಬೇರು ತರಿಸಿದರು. ಅದೇ ಜಾತಿ, ಅದೇ ವಯಸ್ಸು, ನೀರು ಸೋಕಿರಲಿಲ್ಲ. ಅದು ಕೊಲ್ಲಲಿಲ್ಲ. ಇನ್ನೊಬ್ಬನದೂ ಕೊಲ್ಲಲಿಲ್ಲ. ಸುಜೆನ್‌ಗೆ ಆಗ ತಮ್ಮನ ಬೇರಿಗೆ ಅಂಟಿದ್ದ ಮಣ್ಣಿನ ನೆನಪಾಯಿತು. ತಮ್ಮನ ಬೇರಿನ ಚೀಲ ತೆಗೆದು, ಮೇಲಿನ ಸಿಪ್ಪೆ ಕೆರೆದು ಒಳಗಿನದನ್ನು ಬೇರೆ ಇಟ್ಟಳು. ಚೀಲದ ತಳದಲ್ಲಿ ಉಳಿದ ಮಣ್ಣಿನ ಧೂಳನ್ನು ಬೇರೆ ಇಟ್ಟಳು. ಎರಡರ ಸಾರವನ್ನೂ ತಮ್ಮನ ಕ್ರಿಮಿಯ ಮೇಲೆ ಹಾಕಿ ನಾಲ್ಕು ದಿನ ಕಾದಳು. ಒಳಗಿನ ಬೇರಿಗೆ ಉಂಗುರವೇ ಇಲ್ಲ. ಧೂಳಿಗೆ ಹೆಬ್ಬೆರಳಗಲದ ಉಂಗುರ.

ನಾಲ್ಕು ಸಲ ಮಾಡಿ ನೋಡಿದ ಮೇಲೆ ತಮ್ಮನಿಗೆ ಫೋನು ಮಾಡಿ, ತೋಟಕ್ಕೆ ಏನಾದರೂ ಹೊಡೆದಿದ್ದೀಯಾ ಎಂದು ಕೇಳಿದಳು. ಎರಡು ವರ್ಷದಿಂದ ಬುಡಕೊಳೆ ರೋಗ ಬಿದ್ದಿತ್ತು, ಸಂತೆಯಲ್ಲಿ ಒಬ್ಬ ಕೊಟ್ಟ ಬಿಳಿ ಪುಡಿ ಕಲಸಿ ಬುಡಕ್ಕೆ ಹುಯ್ದಿದ್ದೇನೆ ಎಂದ. ಪೊಟ್ಟಣದ ಮೇಲಿನ ಹೆಸರನ್ನು ಅವನಿಂದ ಓದಿಸಿದಳು. ಗಿಡಗಳಿಗೆಂದು ಮಾಡಿದ, ಕ್ರಿಮಿ ಕೊಲ್ಲುವ ವಿಷಗಳ ಬೆರಕೆ ಅದು.

"ನಂಗ್ಯಾಕೋ ಹೇಳ್ಲಿಲ್ಲ?"

"ನೀನು ಕೇಳ್ಲೇ ಇಲ್ವಲ್ಲ ಅಕ್ಕ," ಎಂದ ಅವನು. ಮಾತಿನಲ್ಲಿ ಕೊಂಕಿರಲಿಲ್ಲ.

ಹೊಸ ಔಷಧ ಎಂಬುದು ಇಲ್ಲವೇ ಇಲ್ಲ, ಇಷ್ಟು ದಿನ ಕುಣಿದದ್ದೆಲ್ಲ ಬೇರಿಗೆ ಅಂಟಿದ್ದ ಆ ಪುಡಿಯಿಂದ ಎಂದು ಅವಳು ಬಿಡಿಸಿ ಹೇಳಿದಳು. ಅವನು, ಹಾಗಾದರೆ ಕ್ರಿಮಿ ಸಾಯಿಸಿದ್ದು ಆ ಪುಡಿ ಅಂತಾಯ್ತು ಎಂದು ತನ್ನಷ್ಟಕ್ಕೆ ಹೇಳಿಕೊಂಡು ಫೋನು ಇಟ್ಟ. ಆ ದನಿ ಅವಳನ್ನು ಕೂರಗೊಡಲಿಲ್ಲ. ಮತ್ತೆ ಮತ್ತೆ ಮಾಡಿದರೂ ಅವನು ಎತ್ತಲಿಲ್ಲ. ಬೆಳಗಿನ ಮೊದಲ ಬಸ್ಸು ಹತ್ತಿದಳು.

ಮಧ್ಯಾಹ್ನ ಅವಳು ಮನೆ ಮುಟ್ಟಿದಾಗ ಜಿನ್‌ಹುವಾ ತೋಟದಲ್ಲಿದ್ದಳು. ಶಿಂಗ್‌ಫು ಅಡುಗೆಮನೆಯ ಗಿಡ್ಡ ಮಣೆಯ ಮೇಲೆ ಕೂತಿದ್ದ, ಎದುರಿಗೆ ಒಂದು ಬಟ್ಟಲು. ನೀರಿನಲ್ಲಿ ಬಿಳಿ ಪುಡಿ ಕದಡಿತ್ತು. ನಿನ್ನೆ ಒಂದು ಚಿಟಿಕೆ, ಇವತ್ತು ಬೆಳಗ್ಗೆ ಒಂದು ಚಿಟಿಕೆ ಆಗಲೇ ಒಳಗೆ ಹೋಗಿ, ವಾಂತಿಯಾಗಿ, ಮೂರನೆಯದಕ್ಕೆ ಧೈರ್ಯ ಮಾಡುತ್ತಿದ್ದ. ಸುಜೆನ್ ಬಟ್ಟಲು ಕಿತ್ತುಕೊಂಡು ಬೂದಿಗುಂಡಿಗೆ ಸುರಿದಳು. ಅವನು ಜಗಳವಾಡಲಿಲ್ಲ.

"ತಟ್ಟೇಲಿ ಸತ್ತಿದ್ದು ಹೊಟ್ಟೇಲಿ ಯಾಕೆ ಸಾಯಲ್ಲ ಅಕ್ಕ?"

"ತಟ್ಟೇಲಿ ಬೆಂಕಿ ಇಟ್ರೂ ಸಾಯುತ್ತೆ ಕಣೋ. ಅಲ್ಲಿ ಕ್ರಿಮಿ ಒಂದೇ ಇರೋದು. ಹೊಟ್ಟೇಲಿ ನೀನೂ ಇದೀಯ."

"ಮತ್ತೆ ಏನ್ ಮಾಡ್ಲಿ ಹೇಳು. ನೀನು ಕಾಯಿ ಅಂದೆ, ಕಾಯ್ದೆ. ಹೊಟ್ಟೆ ಒಳಗೆ ಕಲ್ಲಿಟ್ಟ ಹಾಗಿದೆ, ಗಂಜೀನೂ ಇಳೀತಿಲ್ಲ."

ಆಗ ಅವಳು ಅವನ ಮುಖ ನೋಡಿದಳು. ಎಮ್ಮೆಯ ಹೆಗಲಿನ ಮನುಷ್ಯನ ಅಂಗಿ ಗೂಟಕ್ಕೆ ಸಿಕ್ಕಿಸಿದ ಹಾಗೆ ಜೋತುಬಿದ್ದಿತ್ತು. ಇಷ್ಟು ತಿಂಗಳು ಫೋನಿನಲ್ಲಿ ಅವನ ದನಿ ಮಾತ್ರ ಕೇಳಿದ್ದಳಲ್ಲ. ಅಂದೇ ಅವನನ್ನು ನಗರಕ್ಕೆ ಕರೆತಂದಳು.

ಆಸ್ಪತ್ರೆಯಲ್ಲಿ ಪೈಪು ಹಾಕಿ ನೋಡಿದ ವೈದ್ಯೆ ಸುಜೆನ್‌ಳನ್ನು ಒಬ್ಬಳನ್ನೇ ಹೊರಗೆ ಕರೆದರು. ಕಳೆದ ಶರತ್ಕಾಲದಲ್ಲಿ ಬಂದಿದ್ದರೆ ಕ್ಯಾನ್ಸರ್ ಗಡ್ಡೆ ಅವರೆಕಾಳಿನಷ್ಟಿರುತ್ತಿತ್ತು, ಪೈಪಿನಿಂದಲೇ ಕೆತ್ತಿ ತೆಗೆಯಬಹುದಿತ್ತು, ಈಗ ಯಕೃತ್ತಿಗೂ ಹರಡಿದೆ, ಕೊಯ್ದು ಪ್ರಯೋಜನವಿಲ್ಲ ಎಂದರು. ಸುಜೆನ್ ಅಲ್ಲೇ ನಿಂತು ಬೆಟ್ಟಕ್ಕೆ ಫೋನು ಮಾಡಿದಳು.

ಸುದ್ದಿ ತಿಳಿದು ಓಡಿ ಬಂದ ಜಿನ್‌ಹುವಾ ಹಾಸಿಗೆಯ ಪಕ್ಕ ನಿಂತು ಕೇಳಿದ್ದು ಒಂದೇ ಮಾತು. ಶರತ್ಕಾಲದಲ್ಲಿ ಪೈಪು ಹಾಕಿಸಬೇಕಿತ್ತಲ್ಲ, ಯಾಕೆ ಹಾಕಿಸಲಿಲ್ಲ? ಸುಜೆನ್ ಬಾಯಿ ತೆರೆದಳು. ಅವಳಿಗಿಂತ ಮೊದಲು ಶಿಂಗ್‌ಫು ಮಾತಾಡಿದ.

"ನಂಗೇ ಭಯ ಆಯ್ತು ಕಣೇ. ಅಕ್ಕ ಬಾ ಬಾ ಅಂತಾನೇ ಇದ್ಲು. ನಾನೇ ಹೋಗ್ಲಿಲ್ಲ."

ಹೇಳುತ್ತ ಅಕ್ಕನ ಕಡೆ ನೋಡಿದ. ಅವಳ ಬಾಯಿ ಮುಚ್ಚಿಕೊಂಡಿತು. ಇವತ್ತು ಬೇಡ, ನಾಳೆ ಹೇಳಿದರಾಯಿತು ಎಂದುಕೊಂಡಳು.

ಅದೇ ವಾರ ಅವಳು ಸಂಶೋಧನಾಲಯಕ್ಕೆ ವರದಿ ಬರೆದಳು. ನಮೂನೆಯಲ್ಲಿ ತಾನು ಬರೆದಿದ್ದ 'ಇಲ್ಲ' ಎಂಬುದನ್ನು ಹೊಡೆದುಹಾಕಿ ಪುಡಿಯ ಹೆಸರು ಬರೆದು, ಕೇಳದೆ ತುಂಬಿದ್ದು ನನ್ನ ತಪ್ಪು ಎಂದು ಸಹಿ ಮಾಡಿದಳು. ಪ್ರೊಫೆಸರ್ ಫಾಂಗ್ ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು. ನೀವು ಬರೆಯದೇ ಇದ್ದಿದ್ದರೆ ಇನ್ನೂ ಎರಡು ವರ್ಷ ಯಾರಿಗೂ ಗೊತ್ತಾಗುತ್ತಿರಲಿಲ್ಲ ರಾನ್ ಟೀಚರ್ ಎಂದರು. ಅದು ಮೆಚ್ಚುಗೆಯೋ ಆಕ್ಷೇಪಣೆಯೋ ಅವಳಿಗೆ ತಿಳಿಯಲಿಲ್ಲ. ಯೋಜನೆ ನಿಂತಿತು. ಕಾಗದದ ಮೇಲೆ ನಿಜ ಬರೆಯಲು ಅವಳಿಗೆ ಒಂದು ಬೆಳಗು ಸಾಕಾಯಿತು. ಜಿನ್‌ಹುವಾಳ ಮುಂದೆ ಹೇಳಲು ಐದು ತಿಂಗಳಾದರೂ ಆಗಲಿಲ್ಲ.

ಅಷ್ಟೇ ದಿನ ಅವನು ಬದುಕಿದ್ದು. ಬೆಟ್ಟದ ಮನೆಯಲ್ಲೇ ಸಾಯುತ್ತೇನೆಂದ. ಸುಜೆನ್ ವಾರವಾರವೂ ಬಂದು, ಕೊನೆಗೆ ರಜೆ ಹಾಕಿ ಅಲ್ಲೇ ಉಳಿದಳು. ಜಿನ್‌ಹುವಾ ಗಂಡನನ್ನು ಎತ್ತಿ ಕೂರಿಸುತ್ತಿದ್ದಳು, ಮೈ ಒರೆಸುತ್ತಿದ್ದಳು, ಎಲ್ಲವನ್ನೂ ಮಾಡುತ್ತ ಬೈಯುತ್ತಿದ್ದಳು. ಬೇರು ಅಗೆಯೋಕೆ ಧೈರ್ಯ ಇತ್ತು, ಒಂದು ಪೈಪು ನುಂಗೋಕೆ ಇರಲಿಲ್ಲವಲ್ಲ ಹೇಡಿ ಎನ್ನುವಳು. ನಿನ್ನ ಭಯಕ್ಕೆ ನನ್ನ ಬಾಳು ಹಾಳಾಯಿತು ಎನ್ನುವಳು. ಅವಳ ಸಂಕಟ ಹೊರಗೆ ಬರಲು ಅದೊಂದೇ ದಾರಿ ಇತ್ತು, ಅವಳನ್ನು ನಾನು ದೂರುವುದಿಲ್ಲ. ಮೂಗ ಕಹಿಬೇರು ತಿಂದ ಹಾಗೆ ಎಂದು ನಮ್ಮಲ್ಲಿ ಗಾದೆಯಿದೆ, ಕಹಿ ಎಂದು ಹೇಳಲೂ ಅವನಿಂದ ಆಗದು. ಶಿಂಗ್‌ಫು ಹಾಗೆ ನುಂಗುತ್ತ ಗೋಡೆ ನೋಡುತ್ತಿದ್ದ. ಒಂದು ದಿನ ಜಿನ್‌ಹುವಾ ಸೌದೆ ತರಲು ಹೋದಾಗ ಸುಜೆನ್, ಇನ್ನು ನನ್ನಿಂದ ಕೇಳಲು ಆಗುವುದಿಲ್ಲ, ಇವತ್ತು ಹೇಳಿಬಿಡುತ್ತೇನೆ ಎಂದಳು.

"ಬೇಡ," ಎಂದ ಅವನು. "ನನ್ನ ಬೈದ್ರೆ ನಾನು ಹೋಗ್ತೀನಿ, ಮುಗೀತು. ನಿನ್ನ ಬೈಯೋಕೆ ಶುರು ಮಾಡಿದ್ರೆ ನಾಳೆ ಅವಳಿಗೆ ಅಂತ ಯಾರಿದಾರೆ?"

ಅವನ ಮಾತಿನಲ್ಲಿ ಅರ್ಥವಿತ್ತು. ಸುಜೆನ್‌ಗೆ ಅದು ಅನುಕೂಲವಾಗಿಯೂ ಇತ್ತು, ಅದನ್ನೂ ಹೇಳಬೇಕು. ಜಿನ್‌ಹುವಾ ಸೌದೆ ತಂದು ಇಳಿಸಿದಾಗ ಅವಳು ಒಲೆ ಹೊತ್ತಿಸಲು ಎದ್ದಳು.

ನಮ್ಮ ಪಂಚಾಂಗದ ಏಳನೇ ತಿಂಗಳ ಕೊನೆಯಲ್ಲಿ ಶಿಂಗ್‌ಫು ತೀರಿಕೊಂಡ. ಶವದ ಪೆಟ್ಟಿಗೆಯನ್ನು ನಡುಮನೆಯಲ್ಲಿ ಇಟ್ಟು, ಎಲ್ಲರೂ ತಲೆಗೆ ಸೂತಕದ ಬಿಳಿ ಬಟ್ಟೆ ಸುತ್ತಿಕೊಂಡಿದ್ದರು. ಅಂಗಳದಲ್ಲಿ ನಗಾರಿ ಬಡಿಯುತ್ತಿತ್ತು, ಮೇಜುಗಳ ಮೇಲೆ ಹೊಗೆಹಾಕಿದ ಹಂದಿಮಾಂಸ, ಉಪ್ಪಿನಲ್ಲಿ ಹುಳಿ ಬರಿಸಿದ ಸೊಪ್ಪು ಬಂದಿತ್ತು. ಬಂದವರು ಹೇಗಾಯಿತು ಎಂದು ಕೇಳಿದಾಗೆಲ್ಲ ಜಿನ್‌ಹುವಾ ಅದನ್ನೇ ಹೇಳುತ್ತಿದ್ದಳು. ಪೈಪಿಗೆ ಹೆದರಿ ಆಸ್ಪತ್ರೆಗೆ ಹೋಗಲಿಲ್ಲ, ಅದಕ್ಕೆ ಹೋದ. ಪಕ್ಕದ ಮನೆಯ ಮುದುಕನೊಬ್ಬ ತಲೆಯಾಡಿಸಿ, ಅಂಥಾ ಆಳು, ಬೆರಳಗಲದ ಪೈಪಿಗೆ ಹೆದರಿದನೇ ಎಂದ. ಮೇಜಿನ ಸುತ್ತ ಕೂತವರಲ್ಲಿ ಇಬ್ಬರು ಮೂವರು ನಕ್ಕರು. ಕೆಟ್ಟ ನಗುವಲ್ಲ, ಸಾವಿನ ಮನೆಯಲ್ಲಿ ಎಲ್ಲ ಕಡೆ ಇರುವ ನಗು.

ಸುಜೆನ್ ಎದ್ದು ನಿಂತಳು. ಅವನು ಹೆದರಲಿಲ್ಲ ಎಂದಳು. ಪೈಪು ಬೇಡ, ಮಾತ್ರೆಯೂ ಬೇಡ, ಕಾಯಿ ಎಂದು ಹೇಳಿದವಳು ನಾನು, ನನ್ನ ಮಾತು ಕೇಳಿ ಅವನು ಕಾದ, ಅದನ್ನು ಮುಚ್ಚಿಡಲು ಸುಳ್ಳು ಹೇಳಿದ, ನಾನು ಹೇಳಗೊಟ್ಟೆ ಎಂದಳು. ನಗಾರಿಯವನು ಕೈ ನಿಲ್ಲಿಸಿದ.

ಜಿನ್‌ಹುವಾ ಬೈಯುತ್ತಾಳೆ, ಮೈಮೇಲೆ ಬೀಳುತ್ತಾಳೆ, ತಲೆಯ ಬಿಳಿ ಬಟ್ಟೆ ಕಿತ್ತು ಹೊರಗೆ ಹಾಕುತ್ತಾಳೆ ಎಂದು ಸುಜೆನ್ ಕಾದು ನಿಂತಳು. ಅವಳು ಯಾವುದನ್ನೂ ಮಾಡಲಿಲ್ಲ. ಕೈಯಲ್ಲಿದ್ದ ಚಹದ ಕೆಟಲು ಕೆಳಗಿಟ್ಟು, ಲೆಕ್ಕ ತಪ್ಪಿದವಳ ಹಾಗೆ ನೋಡುತ್ತ ನಿಂತಳು.

"ಸಾಯೋ ದಿನ ಬೆಳಿಗ್ಗೇನೂ ಬೈದೆ ಅತ್ತಿಗೆ," ಎಂದಳು. "ಹೇಡಿ ಅಂದೆ. ನೀವು ಅಲ್ಲೇ ಕೂತು ಗಂಜಿ ಆರಿಸ್ತಾ ಇದ್ರಿ."

ಆಮೇಲೆ ಅವಳು ಯಾರ ಕಡೆಯೂ ನೋಡಲಿಲ್ಲ. ನಡುಮನೆಗೆ ಹೋಗಿ, ಪೆಟ್ಟಿಗೆಯ ಅಂಚು ಹಿಡಿದು ಮಂಡಿಯೂರಿ, ಮುಚ್ಚಳಕ್ಕೆ ಬಾಯಿ ತಾಗಿಸಿ, ಒಳಗಿನವನಿಗೆ ಮಾತ್ರ ಕೇಳಲಿ ಎನ್ನುವಷ್ಟು ಮೆಲ್ಲಗೆ ಏನೋ ಹೇಳತೊಡಗಿದಳು.